ಮಸೂರದ ಮೋಹ

ಫಿಲಂ ಕ್ಯಾಮೆರಾ ಕೊಂಡವನ ಮನಸ್ಸು ಬಹುಬೇಗ ಹೊಸ ಹೊಸ ಮಸೂರಗಳತ್ತ ಹರಿಯುತ್ತದೆ. ಈ ಚಪಲಕ್ಕೆ ಕೊನೆಯೆಂಬುದಿಲ್ಲ. 35 ಮಿಲಿಮೀಟರ್ ಫಿಲಂ ಬಳಸುವವನಿಗೆ 50 ಮಿಲಿಮೀಟರ್ ಸಂಗಮದೂರದ ಮಸೂರವೊಂದೇ ಬಹುಕಾಲ ಸಾಕು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೊನ್ (1908–2004) ತಮ್ಮ ಜಗದ್ವಿಖ್ಯಾತ ಚಿತ್ರಗಳಲ್ಲಿ ಬಹುಪಾಲನ್ನು ಅಂತಹ ಮಸೂರದಿಂದಲೇ ತೆಗೆದರು. ಅವರ ಲೈಕಾ ಕ್ಯಾಮೆರಾ ಮಾತ್ರ ಅಗ್ಗದ್ದಾಗಿರಲಿಲ್ಲವೆನ್ನಿ!

ಎಫ್ 1.4 ರಂಧ್ರದ ಮಸೂರವು ಎಫ್ 1.8ರದಕ್ಕಿಂತ ದುಬಾರಿಯಾದುದು. ಆದರೆ ಅದರಿಂದ ಒಳಬರುವ ಬೆಳಕು ಇಮ್ಮಡಿಯೂ ಆಗುವುದಿಲ್ಲ. ಹಗಲಿನಲ್ಲಿ ಎರಡರ ರಂಧ್ರವನ್ನೂ ಎಫ್ 8ಕ್ಕೆ ಕಿರಿದುಗೊಳಿಸಿದರೆ ಚಿತ್ರಗಳಲ್ಲಿ ಭೇದವನ್ನು ಗುರುತಿಸುವುದು ಕಷ್ಟ. ಒಳಗೆ ಬೂಷ್ಟು ಹಿಡಿಯದ, ರಂಧ್ರದ ಅಲಗುಗಳು ಸರಾಗವಾಗಿ ಚಲಿಸುವ ಹಳೆಯ ಮಸೂರವನ್ನು ಕೊಂಡರೂ ನಷ್ಟವಿಲ್ಲ. ಮಿಕ್ಕ ಹಣ ಫಿಲಮಿಗೆ ಸಲ್ಲಬೇಕು. ಸಾಮಾನ್ಯ ಸುರುಳಿಯೊಂದರಲ್ಲಿ ದೊರೆಯುವುದು 36 ಚಿತ್ರಗಳು. ಅವು ಮುಗಿದೊಡನೆ ಸಂಸ್ಕರಣೆಗೂ ಹೊಸ ಸುರುಳಿಗೂ ಮತ್ತೆ ಹಣ ತೆರಬೇಕಾಗುತ್ತದೆ.