ಶಿಕ್ಷಕರೇನೋ ಬಂದಾರು, ಅವರನ್ನು ಮುನ್ನಡೆಸುವವರು ಯಾರು?

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10ಕ್ಕೊಬ್ಬ, ಅದರಿಂದಾಚೆ 15ಕ್ಕೊಬ್ಬ ವಿಶೇಷ ಶಿಕ್ಷಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಅಕ್ಟೋಬರ್‌ನಲ್ಲಿ, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ. ರಾಜ್ಯಗಳು ಕಡತ ತಳ್ಳುತ್ತ ಕೂತವು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಮತ್ತೆ ಗದರಿತು: ಮಂಜೂರಾತಿ ಹುದ್ದೆಗಳನ್ನು ಮೂರು ವಾರದೊಳಗೆ ಅಧಿಸೂಚಿಸಿ, ಗುತ್ತಿಗೆಯಲ್ಲಿ ದುಡಿಯುತ್ತಿರುವವರ ಅರ್ಹತೆ ಪರಿಶೀಲಿಸಲು ಸಮಿತಿ ರಚಿಸಿ. ಅಲ್ಲಿಂದೀಚೆಗೆ ಜಗಳವೆಲ್ಲ ಹುದ್ದೆ ಎಷ್ಟು, ಕಾಯಂ ಯಾರು ಎಂಬುದರ ಸುತ್ತಲೇ.

ನೇಮಕ ಆಯಿತೆಂದೇ ಇಟ್ಟುಕೊಳ್ಳೋಣ. ಆಮೇಲೆ?

ತಾಲ್ಲೂಕಿನಲ್ಲಿ ಈ ಶಿಕ್ಷಕರ ಹಾಜರಿ, ಪ್ರಯಾಣ ಭತ್ಯೆ, ಕೆಲಸದ ಮೌಲ್ಯಮಾಪನ ಎಲ್ಲಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯೇ ಗತಿ. ಬಿಸಿಯೂಟ, ವರ್ಗಾವಣೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ನಡುವೆ ಅಲ್ಲಿ ವಿಶೇಷ ಶಿಕ್ಷಣವೂ ಒಂದು ‘ವಿಷಯ’. ಹಾಸಿಗೆ ಹಿಡಿದ ಮಗುವಿನ ಮನೆಗೇ ಹೋಗಿ ಕಲಿಸುವ ತಾಲ್ಲೂಕು ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು (ಬಿಐಇಆರ್‌ಟಿ) ಸಮೀಕ್ಷೆಗೋ ದಾಖಲಾತಿ ನಮೂದಿಗೋ ಎಳೆದರೆ ಆ ವಾರ ಆ ಮಗುವಿಗೆ ಪಾಠವಿಲ್ಲ. ಇದು ಹಾನಿ ಎಂದು ಮೇಲಧಿಕಾರಿಗೆ ಹೊಳೆಯಬೇಕಾದರೆ ಅವರಿಗೂ ಆ ಕೆಲಸದ ಒಳಗು ಗೊತ್ತಿರಬೇಕು. ಅಂಥವರು ಆ ಕುರ್ಚಿಗೆ ಬರುವ ದಾರಿಯೇ ಇಲ್ಲ. ಬಿಇಒ, ಜಿಲ್ಲಾ ಉಪನಿರ್ದೇಶಕ (ಡಿಡಿಪಿಐ) ಹುದ್ದೆಗಳಿಗೆ ಬಡ್ತಿ ಸಿಗುವುದು ಸಾಮಾನ್ಯ ಶಾಲಾ ಸಾಲಿನಿಂದ. ಗುತ್ತಿಗೆಯ ವಿಶೇಷ ಶಿಕ್ಷಕರಿಗೆ ಆ ಏಣಿಯ ಮೊದಲ ಮೆಟ್ಟಿಲೂ ಸಿಗದು.

ಕಾನೂನೂ ಇಲ್ಲಿ ಅರ್ಧಕ್ಕೇ ನಿಂತಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 79ನೇ ಕಲಮಿನ ಪ್ರಕಾರ ಪುನರ್ವಸತಿ ವಿಷಯದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇಲ್ಲದವರು ರಾಜ್ಯ ಆಯುಕ್ತರಾಗುವಂತಿಲ್ಲ. ಒಳ್ಳೆಯದೇ. ಆದರೆ ಅದೇ ಕಾಯ್ದೆಯ 2017ರ ನಿಯಮಗಳು ಈ ಮಕ್ಕಳ ಶಾಲಾ ಪ್ರವೇಶದ ವಿಷಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಗೊಬ್ಬ ನೋಡಲ್ ಅಧಿಕಾರಿ ಬೇಕೆಂದಷ್ಟೇ ಹೇಳುತ್ತವೆ. ಬೆಂಗಳೂರಿನಲ್ಲಿ ಕೂರುವವರಿಗೆ ಬೇಕಾದ ತಿಳಿವಳಿಕೆ ರಾಯಚೂರಿನಲ್ಲಿ ಮಗುವಿನ ಪ್ರವೇಶ ನೋಡಿಕೊಳ್ಳುವವರಿಗೆ ಬೇಡವೇ? ಮೇಲಾಗಿ ವಿಶೇಷ ಶಾಲೆಗಳು ವಿಕಲಚೇತನರ ಸಬಲೀಕರಣ ಇಲಾಖೆಯ ಪಾಲು, ಸಾಮಾನ್ಯ ಶಾಲೆಗೆ ಬರುವ ಅದೇ ಮಕ್ಕಳು ಶಿಕ್ಷಣ ಇಲಾಖೆಯ ಪಾಲು. ಎರಡೂ ಕಡೆಯ ಅನುಭವ ಒಬ್ಬರಲ್ಲೇ ಕೂಡುವುದು ಅಪರೂಪ.

ಅರ್ಹರು ಸಿಗುವುದಿಲ್ಲ ಎಂಬುದು ಸಿದ್ಧ ಉತ್ತರ. ಸಿಗುವುದು ಹೇಗೆ? ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ವಿಶೇಷ ಬಿ.ಎಡ್. ಮುಗಿಸಿ ಬಂದವರನ್ನು ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಗೆ ಕಟ್ಟಿಹಾಕಿ, ಅವರಲ್ಲಿ ನಾಯಕರು ಹುಟ್ಟಲಿಲ್ಲ ಎನ್ನುವುದು ಭಂಡತನ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ವೃಂದ ಮತ್ತು ನೇಮಕಾತಿ ನಿಯಮ ತಿದ್ದುವುದು ಸರ್ಕಾರದ ಕೈಯಲ್ಲೇ ಇದೆ. ವಿಶೇಷ ಶಿಕ್ಷಕರಿಗೆ ಪ್ರತ್ಯೇಕ ವೃಂದ, ಅದರಿಂದಲೇ ಜಿಲ್ಲಾ ನೋಡಲ್ ಅಧಿಕಾರಿ ಹುದ್ದೆಗೆ ಬಡ್ತಿ, ಆ ಹುದ್ದೆಗೆ ನಿಗದಿತ ಅವಧಿ: ಹುದ್ದೆ ಮಂಜೂರಾತಿಯ ಕಡತದ ಜೊತೆಗೇ ಶಿಕ್ಷಣ ಇಲಾಖೆ ಈ ತಿದ್ದುಪಡಿಯ ಕರಡನ್ನೂ ಸಂಪುಟದ ಮುಂದಿಡಲಿ.