ಹಕ್ಕಿಗೆ ಕೂಲಿಯ ಬೆಲೆಯೇ?

ಹುಲೇಕಲ್ ಕಡೆಯ ಕೂಲಿಕಾರನ ಮಗನೊಬ್ಬ ಶಿರಸಿಯಲ್ಲಿ ಕಾಲೇಜು ಸೇರಿದನೆನ್ನಿ. ಬುದ್ಧಿ ಚುರುಕು, ಆದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಬಲಗೈ ಸೋಲುತ್ತದೆ. ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆದುಕೊಡುವವರು ಬೇಕು, ತುಸು ಹೆಚ್ಚು ಸಮಯ ಬೇಕು. ಕಾಲೇಜು ಕೇಳುವುದು ಒಂದೇ ಮಾತು: ಸರ್ಟಿಫಿಕೇಟು ಎಲ್ಲಿ?

ದಾಖಲೆ ಕೇಳುವುದು ತಪ್ಪಲ್ಲ. ಆದರೆ ಅದನ್ನು ತರುವ ವೆಚ್ಚ ಯಾರದು? ತಜ್ಞರ ತಪಾಸಣೆಗೆ ದೇವಿಮನೆ ಘಟ್ಟ ಇಳಿದು, ಕುಮಟೆ ದಾಟಿ ಕಾರವಾರಕ್ಕೆ ಹೋಗಬೇಕಾಗಿ ಬಂದರೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಅಂದು ತಜ್ಞರಿಲ್ಲದಿದ್ದರೆ ಮತ್ತೊಮ್ಮೆ. ಗಿರಣಿಯ ಕೆಲಸಗಾರನಿಗೆ ಎರಡು ದಿನದ ಕೂಲಿ ಖೋತಾ. ಚಿಲ್ಲರೆ ವ್ಯಾಪಾರಿಗೆ ಎರಡು ದಿನ ಅಂಗಡಿಯ ಬಾಗಿಲು ಬಂದ್. ಉಳ್ಳವರಿಗೆ ಅದು ಒಂದು ಕಾರು ಪ್ರಯಾಣ ಮಾತ್ರ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹಳೆಯ ಕಾಯಿದೆಯ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5 ಸ್ಥಾನ ಮೀಸಲಿಟ್ಟಿತು. ಆದರೆ ಈ 40ರ ಗೆರೆ ಸೀಟಿಗೆ. ಓದಿಗೆ ಬೇಕಾದ ಅನುಕೂಲಕ್ಕಲ್ಲ. ಬರೆಯುವಾಗ ಕೈ ಸೆಟೆಯುವ ವಿಕಾಸ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರುವರಿ 11ರಂದು ಇದನ್ನೇ ಸಾರಿತು. 2022ರ ಆಗಸ್ಟಿನ ಕೇಂದ್ರ ಮಾರ್ಗಸೂಚಿಯು ಬರೆಯಲು ತೊಡಕಿರುವ ಇಂಥವರಿಗೂ ವೈದ್ಯಕೀಯ ದಾಖಲೆಯ ಮೇಲೆ ಬರಹ ಸಹಾಯಕರನ್ನೂ ಗಂಟೆಗೆ 20 ನಿಮಿಷದ ಹೆಚ್ಚಿನ ಸಮಯವನ್ನೂ ಒಪ್ಪಿತು.

ಇನ್ನೊಂದು ಕಡೆ ನೋಡಿ! ಪ್ರಮಾಣಪತ್ರ ನೀಡಲು ಮೊದಲು ಇದ್ದ ಒಂದು ತಿಂಗಳ ಗಡುವನ್ನು 2024ರ ತಿದ್ದುಪಡಿ ಮೂರು ತಿಂಗಳಿಗೆ ಎಳೆಯಿತು. ಮೂರು ತಿಂಗಳೆಂದರೆ ಅರ್ಧ ಸೆಮಿಸ್ಟರು. ಕಾಗದ ಬರುವಷ್ಟರಲ್ಲಿ ಹುಡುಗ ಕಿರುಪರೀಕ್ಷೆಯಲ್ಲಿ ಸೋತಿರುತ್ತಾನೆ. ತನಗೆ ಓದು ಒಗ್ಗದೆಂದು ಗಿರಣಿಯ ಬಾಗಿಲಿಗೆ ಬಂದು ನಿಂತರೂ ಆಶ್ಚರ್ಯವಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಮೂರು. ಪ್ರವೇಶದ ದಿನಗಳಲ್ಲಿ ವೈದ್ಯರ ತಂಡ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಬರಲಿ. ಅರ್ಜಿ ಸಲ್ಲಿಸಿದ ರಸೀದಿಯ ಮೇಲೆಯೇ ಕಾಲೇಜುಗಳು ತಾತ್ಕಾಲಿಕ ಅನುಕೂಲ ಕೊಡಲಿ. ತಪಾಸಣೆಯ ದಿನ ತಂದೆತಾಯಿಯರ ಕೂಲಿಯನ್ನು ಮಾಲಿಕರು ಕಡಿಯದಿರಲಿ.

ವಾಚಕರಿಗೂ ಒಂದು ಮಾತು. ಫಲಿತಾಂಶಕ್ಕೆ ಕಾಯದೆ ಇಂದೇ ಅರ್ಜಿ ಹಾಕಿ. ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಪ್ರಾಂಶುಪಾಲರಿಗೆ ಕೊಡುವ ಪತ್ರದಲ್ಲಿ ರೋಗದ ಹೆಸರಷ್ಟೇ ಸಾಲದು. ಕೆಳಮಹಡಿಯ ತರಗತಿಯೋ, ಮುಂದಿನ ಬೆಂಚೋ, ಬರಹ ಸಹಾಯಕರೋ, ಏನು ಬೇಕೆಂದು ಬಿಡಿಸಿ ಬರೆಯಿರಿ. ಪ್ರತಿಯ ಮೇಲೆ ಸಹಿ, ತಾರೀಖು ಪಡೆಯಿರಿ. ತಲೆ ತಗ್ಗಿಸಬೇಡಿ. ನೀವು ಬೇಡುತ್ತಿರುವುದು ದಯೆಯನ್ನಲ್ಲ. ಕಾಯಿದೆ ಕೊಟ್ಟ ಪಾಲನ್ನು.