ಅಂಗಡಿಯ ಹೊಸ್ತಿಲೂ ಜಾಲತಾಣದ ಮೊದಲ ಪುಟವೂ

ಗೋವೆಯ ಕಡೆಯಿಂದ ಘಟ್ಟವೇರಿ ಬರುತ್ತಿದ್ದ ಅಡಕೆ, ತೆಂಗು, ಉಪ್ಪುಗಳಿಗೂ ಬಯಲುಸೀಮೆಯಿಂದ ಇಳಿದುಹೋಗುತ್ತಿದ್ದ ಗೋಧಿ ಮೊದಲಾದ ಧಾನ್ಯಗಳಿಗೂ ಒಂದು ಕಾಲದಲ್ಲಿ ಸಂಧಿಸ್ಥಾನವಾಗಿದ್ದ ನಂದಗಡದ ಪೇಠೆಯಲ್ಲಿ, ಇಂದಿಗೂ ಗಿರಾಕಿಯೊಬ್ಬನು ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟೊಡನೆ ಅವನ ಕಿವಿಗೆ ಬೀಳುವ ಮೊದಲ ಮಾತು ಆ ಅಂಗಡಿಯನ್ನು ಯಾರು ಯಾವಾಗ ತೆರೆದರೆಂಬ ಚರಿತ್ರೆಯಲ್ಲ. ಅಂಗಡಿಕಾರನ ತಂದೆ ತಾತಂದಿರ ಪ್ರಶಸ್ತಿಯೂ ಅಲ್ಲ. “ಬರ್ರಿ, ಏನ್ ಬೇಕಾಗಿತ್ತ್ರಿ?” ಎಂಬಷ್ಟೇ ನುಡಿ. ಮೇಲ್ನೋಟಕ್ಕೆ ಇದು ಬರಿಯ ಉಪಚಾರದ ಮಾತಿನಂತೆ ಕಂಡರೂ, ವಿಚಾರಿಸಿ ನೋಡಿದರೆ ವ್ಯಾಪಾರಧರ್ಮದ ಒಂದು ಸೂತ್ರವೇ ಅದರಲ್ಲಿ ಅಡಗಿರುವುದು ತಿಳಿದುಬರುತ್ತದೆ: ಬಂದವನ ಅಪೇಕ್ಷೆ ಮೊದಲು, ಅಂಗಡಿಯವನ ಆತ್ಮವೃತ್ತಾಂತ ಅನಂತರ.

ಅದೇ ಅಂಗಡಿ ಜಾಲತಾಣವಾಗಿ ಅವತರಿಸಿದಾಗ ನಡೆಯುವ ಕಥೆ ಬೇರೆ. ಪುಟ ತೆರೆದೊಡನೆ ಸಂಸ್ಥಾಪಕರ ಭಾವಚಿತ್ರ, ತಾವಾಗಿಯೇ ಸರಿದಾಡುವ ದೊಡ್ಡ ದೊಡ್ಡ ಚಿತ್ರಗಳು, ಧ್ಯೇಯೋದ್ದೇಶಗಳ ಘೋಷಣೆ. ಬೆಲೆಯನ್ನೋ ವಿಳಾಸವನ್ನೋ ಅರಸಿ ಬಂದವನು ಇವೆಲ್ಲವನ್ನೂ ದಾಟಿ ಅಡಿಯಂಚಿನ ಸಣ್ಣಕ್ಷರಗಳವರೆಗೆ ಇಳಿಯಬೇಕು. ಎದುರು ನಿಂತಾಗ ಅಷ್ಟು ವಿನಯಶೀಲನಾದ ವರ್ತಕನು ಪರದೆಯ ಹಿಂದೆ ಸರಿದೊಡನೆ ಹೀಗೇಕೆ ಆತ್ಮಶ್ಲಾಘಕನಾಗುತ್ತಾನೆ? ಅವನ ಸ್ವಭಾವ ಕೆಟ್ಟಿತೆಂದು ನಾನು ಹೇಳಲಾರೆ. ಅಂಗಡಿಯಲ್ಲಿ ಗಿರಾಕಿಯ ಮುಖವೇ ಅವನಿಗೆ ಗುರು: ಆ ಮುಖದಲ್ಲಿ ಹುಬ್ಬು ಗಂಟಿಕ್ಕಿದರೆ ಮಾತನ್ನು ಬಿಡಿಸಿ ಹೇಳುತ್ತಾನೆ, ಕಣ್ಣು ಅತ್ತಿತ್ತ ಹರಿದರೆ ಬೇರೆ ಸರಕನ್ನು ತೆಗೆದು ತೋರಿಸುತ್ತಾನೆ, ಕಾಲು ಹಿಂದಕ್ಕೆ ಸರಿದರೆ ಬೆಲೆಯನ್ನೂ ಕೊಂಚ ಇಳಿಸುತ್ತಾನೆ. ಜಾಲತಾಣಕ್ಕೆ ಆ ಮುಖ ಕಾಣದು. ಬೇಸತ್ತವನು ಅಲ್ಲಿಂದ ಒಂದು ಮಾತೂ ಆಡದೆ ಹೊರಟುಹೋಗುತ್ತಾನೆ. ಆದುದರಿಂದ ಅಂಗಡಿಯಲ್ಲಿ ಆಯಾ ಕ್ಷಣಕ್ಕೆ ತೋರುವ ವಿವೇಕವನ್ನು ತಾಣದಲ್ಲಿ ಮುಂದಾಗಿಯೇ ತೋರತಕ್ಕುದು. ಬಂದವನು ಪಡಬೇಕಾಗಿದ್ದ ಶ್ರಮವನ್ನು ಕರೆದವನು ಮೊದಲೇ ಪಟ್ಟಿರುವುದಕ್ಕೇ ಸೌಲಭ್ಯವೆಂದು ಹೆಸರು.

ದೃಷ್ಟಾಂತಕ್ಕೆ ನೆರೆಯ ಖಾನಾಪುರವನ್ನೇ ತೆಗೆದುಕೊಳ್ಳಬಹುದು. ಆ ಊರು ಹೆಂಚಿಗೂ ಮಣ್ಣಿನ ಪಾತ್ರೆಗೂ ಹೆಸರಾದುದು; ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆ ಅಲ್ಲಿ ನೆಲೆಗೊಂಡಿದೆ. ಅಲ್ಲಿಯ ಹೆಂಚಿನ ವ್ಯಾಪಾರಿಯೊಬ್ಬನು ತಾಣವನ್ನು ರಚಿಸಹೊರಟನೆಂದು ಭಾವಿಸೋಣ. ತನ್ನ ಉಗ್ರಾಣದಲ್ಲಿ ಸರಕು ಹೇಗೆ ಜೋಡಿಸಲ್ಪಟ್ಟಿದೆಯೋ ಹಾಗೆಯೇ, ಅಚ್ಚಿನ ಸಂಖ್ಯೆ, ದರ್ಜೆ, ಭಟ್ಟಿಯ ಹೆಸರುಗಳ ಅನುಕ್ರಮದಲ್ಲಿ, ಪುಟಗಳನ್ನು ವಿಂಗಡಿಸುವುದು ಅವನಿಗೆ ತೀರ ಸ್ವಾಭಾವಿಕವಾಗಿ ತೋರುತ್ತದೆ. ಆದರೆ ಧಾರವಾಡದಲ್ಲಿ ಮನೆ ಕಟ್ಟಿಸುತ್ತಿರುವವನಿಗೆ ಆ ಸಂಖ್ಯೆಗಳ ಗೊಡವೆ ಏತಕ್ಕೆ? ವಾಸದ ಮನೆಗೆ ಯಾವುದು, ದನದ ಕೊಟ್ಟಿಗೆಗೆ ಯಾವುದು. ನೂರು ಚದರಡಿಗೆ ಎಷ್ಟು ಹೆಂಚು ಬೇಕು. ಲಾರಿಯ ಬಾಡಿಗೆ ಎಷ್ಟಾದೀತು. ದಾರಿಯಲ್ಲಿ ಒಡೆದವು ಯಾರ ಲೆಕ್ಕ. ಒಟ್ಟು ಹಣವೆಷ್ಟು: ಅವನ ಮನಸ್ಸಿನಲ್ಲಿರುವ ಪ್ರಶ್ನೆಗಳು ಇವೇ, ಬಹುಮಟ್ಟಿಗೆ ಇದೇ ಕ್ರಮದಲ್ಲಿ. ಮಾಡಿನ ಉದ್ದಗಲಗಳನ್ನು ತುಂಬಿದೊಡನೆ ಹೆಂಚಿನ ಸಂಖ್ಯೆಯನ್ನು ತಿಳಿಸುವ ಒಂದು ಚಿಕ್ಕ ಚೌಕವನ್ನು ಪುಟದಲ್ಲಿ ರಚಿಸಿಟ್ಟರೆ, ವ್ಯಾಪಾರಿಯು ಅಂಗಡಿಯಲ್ಲಿ ಮನಸ್ಸಿನೊಳಗೇ ಮಾಡಿ ಹೇಳುತ್ತಿದ್ದ ಲೆಕ್ಕವನ್ನು ತಾಣವೂ ಮಾಡಿದಂತಾಯಿತು. ಅದರ ಬದಲು “ಬೆಲೆಗಾಗಿ ಸಂಪರ್ಕಿಸಿರಿ” ಎಂದು ಬರೆದು ಕೈತೊಳೆದುಕೊಂಡರೆ, ಆ ಲೆಕ್ಕದ ಭಾರ ಗಿರಾಕಿಯ ತಲೆಯ ಮೇಲೆಯೇ ಉಳಿಯಿತು. ಭಾರ ಹೊತ್ತವನು ಹಗುರಾದ ದಾರಿಯನ್ನು ಹುಡುಕಿಕೊಂಡು ಹೋದರೆ ಅವನನ್ನು ದೂಷಿಸುವಂತಿಲ್ಲ.

ಸೌಲಭ್ಯದ ಜೊತೆಗೆ ಸಹಜತೆಯೂ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಸಹಜವೆಂದರೆ ಜೊತೆಯಲ್ಲಿಯೇ ಹುಟ್ಟಿದುದು. ಆದರೆ ಪರದೆಯ ಮೇಲಿನ ಯಾವ ಸಂಕೇತವೂ ನಮ್ಮೊಡನೆ ಹುಟ್ಟಿ ಬಂದುದಲ್ಲ, ರೂಢಿಯಿಂದ ಮೈಗೂಡಿದುದು. ಪುಟದ ಮೂಲೆಯಲ್ಲಿರುವ ಮೂರು ಅಡ್ಡಗೆರೆಗಳು ಕಾಲೇಜಿನ ತರುಣನಿಗೆ ಪಟ್ಟಿಯ ಗುರುತು. ಆ ಸಂಕೇತವನ್ನು ಕಲಿಯದ ಹಿರಿಯರಿಗೆ ಅವು ಹಣೆಯ ವಿಭೂತಿಯನ್ನು ನೆನಪಿಗೆ ತಂದಾವೇ ಹೊರತು ಮತ್ತೇನನ್ನೂ ಸೂಚಿಸಲಾರವು. ಅವುಗಳ ಕೆಳಗೆ “ಪಟ್ಟಿ” ಎಂಬೊಂದು ಪದವನ್ನು ಬರೆದರೆ ಆಗುವ ವೆಚ್ಚವೇನು? ತಾಣಗಳ ಸುಲಭಬಳಕೆಯ ಶಾಸ್ತ್ರದಲ್ಲಿ ಪ್ರಮಾಣಪುರುಷರೆನಿಸಿದ ಯಾಕೊಬ್ ನೀಲ್ಸನ್ನರು 1994ರಲ್ಲಿ ನಿರೂಪಿಸಿದ ಹತ್ತು ತತ್ತ್ವಗಳಲ್ಲಿ, ಯಂತ್ರವು ಬಳಸುವವರ ಭಾಷೆಯಲ್ಲಿ ಮಾತನಾಡಬೇಕೆಂಬುದೂ ಒಂದು. ನಂದಗಡದಂತಹ ಊರಿನಲ್ಲಿ ಈ ತತ್ತ್ವವನ್ನು ಅಕ್ಷರಶಃ ಗ್ರಹಿಸಬೇಕಾಗುತ್ತದೆ. ಇಲ್ಲಿಯ ವ್ಯಾಪಾರಿಯು ಕನ್ನಡದಲ್ಲಿ ಕೇಳಿದವನಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿ ಕೇಳಿದವನಿಗೆ ಮರಾಠಿಯಲ್ಲಿಯೂ, ಘಟ್ಟದ ಕೆಳಗಿನಿಂದ ಬಂದವನಿಗೆ ಕೊಂಕಣಿಯಲ್ಲಿಯೂ ಒಂದೇ ಉಸಿರಿನಲ್ಲಿ ಉತ್ತರಿಸಬಲ್ಲನು. ಅವನ ತಾಣ ಮಾತ್ರ ಇಂಗ್ಲಿಷೊಂದನ್ನೇ ಆಡುತ್ತಿದ್ದರೆ ಅಂಗಡಿಗೂ ತಾಣಕ್ಕೂ ಒಡೆಯರು ಬೇರೆ ಬೇರೆಯೇನೋ ಎಂಬ ಸಂಶಯ ಹುಟ್ಟದಿರದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವು ಮೊದಲ ಪುಟದ ಮೇಲ್ಭಾಗದಲ್ಲಿ ಕಣ್ಣಿಗೆ ಬೀಳುವಂತಿದ್ದು, ಕನ್ನಡದ ಹೆಸರು ಕನ್ನಡದ ಲಿಪಿಯಲ್ಲಿಯೂ ಮರಾಠಿಯ ಹೆಸರು ದೇವನಾಗರಿಯಲ್ಲಿಯೂ ಇರತಕ್ಕುದು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿರಲು, ಕನ್ನಡದ ಬರಹವನ್ನು ಚಿತ್ರವನ್ನಾಗಿ ಮಾಡಿ ಅಂಟಿಸುವುದಕ್ಕೆ ಈಗ ಯಾವ ನೆಪವೂ ಉಳಿದಿಲ್ಲ. ಅಂತಹ ಬರಹವನ್ನು ಹುಡುಕುವುದೂ ಕಷ್ಟ, ಕುರುಡರಿಗೆ ಓದಿಹೇಳುವ ತಂತ್ರಾಂಶಕ್ಕೂ ಅದು ಮೂಕವೇ.

ಸಹಜತೆಗೆ ಸ್ಥಳಜ್ಞಾನವೂ ಬೇಕು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ನಂದಗಡವಾದುದರಿಂದ, ಅವನ ಸಮಾಧಿಯನ್ನೂ ಅಲ್ಲಿಯ ಆಲದ ಮರವನ್ನೂ ಕಾಣಲು ನಾಡಿನ ನಾನಾ ಕಡೆಗಳಿಂದ ಜನ ಬರುತ್ತಾರೆ. ಅವರಿಗೆ ಊಟವಿಕ್ಕುವ ಖಾನಾವಳಿಯ ತಾಣದಲ್ಲಿ ಇರಬೇಕಾದುದು ಸಮಾಧಿಯಿಂದ ಯಾವ ಕಡೆಗೆ ಎಷ್ಟು ನಡೆಯಬೇಕು, ಊಟ ಎಷ್ಟು ಹೊತ್ತಿನವರೆಗೆ ದೊರೆಯುತ್ತದೆ, ಬೆರಳೊತ್ತಿದೊಡನೆ ಕರೆಹೋಗುವ ದೂರವಾಣಿ ಸಂಖ್ಯೆ ಯಾವುದು ಎಂಬ ಮೂರು ಸಂಗತಿ. ಅಂತಹ ಖಾನಾವಳಿಯೊಂದರ ತಾಣವನ್ನು ನಾನೊಮ್ಮೆ ಖಾನಾಪುರದ ಪಶ್ಚಿಮದ ಕಾಡುದಾರಿಯಲ್ಲಿ ನಿಂತು ತೆರೆಯಲೆಳಸಿದೆ. ಅದರ ಭಾರವಾದ ಚಿತ್ರಗಳು ಇಳಿಯುವಷ್ಟರಲ್ಲಿ ಬಸ್ಸು ಬಂದು ಹೋಗಿತ್ತು, ಊಟದ ಸಮಯವೂ ಮೀರಿತ್ತು. ಒಂದು ಸೆಕೆಂಡಿನ ವಿಳಂಬದಿಂದ ವಿಚಾರಧಾರೆ ಕಡಿಯದು, ಹತ್ತು ಸೆಕೆಂಡುಗಳನ್ನು ಮೀರಿದರೆ ಗಮನ ನಿಲ್ಲದು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಕಣ್ಣಿನ ವಿಷಯದಲ್ಲಿಯೂ ಇಂತಹ ಅಳತೆಯುಂಟು: ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಕಾಂತಿಭೇದವು ಸಾಮಾನ್ಯ ಗಾತ್ರದ ಬರಹದಲ್ಲಿ 4.5ಕ್ಕೆ 1ರಷ್ಟಾದರೂ ಇರಬೇಕೆಂದು 2008ರ ಅಂತಾರಾಷ್ಟ್ರೀಯ ಮಾರ್ಗಸೂಚಿ ವಿಧಿಸಿದೆ. ನಡುಹಗಲಿನ ಬಿಸಿಲಿನಲ್ಲಿ ಸಂತೆಯಲ್ಲಿ ನಿಂತು ಮೊಬೈಲು ನೋಡುವವನಿಗೆ ಬೂದಿಬಣ್ಣದ ಮೇಲಿನ ಬಿಳಿಯಕ್ಷರ ಇದ್ದೂ ಇಲ್ಲದಂತೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲವನ್ನೂ ಇಷ್ಟು ಸುಲಭಗೊಳಿಸಿದರೆ ಮನುಷ್ಯನು ವಿಚಾರಮಾಡದೆಯೇ ಕೊಳ್ಳತೊಡಗುವನಲ್ಲವೆ, ಈ ಸೌಲಭ್ಯವೂ ಒಂದು ಬಲೆಯಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಇಲ್ಲದ ಅವಸರವನ್ನು ಹುಟ್ಟಿಸುವುದು, ಚಂದಾದಾರನಾಗಲು ಹೆಬ್ಬಾಗಿಲನ್ನೂ ಬಿಡಲು ಇಲಿಬಿಲವನ್ನೂ ಇಡುವುದು ಇವೇ ಮೊದಲಾದ 13 ಬಗೆಯ ವಂಚನೆಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೆಸರಿಸಿ ನಿಷೇಧಿಸಿತು. ಆದರೆ ಇವು ಸೌಲಭ್ಯದ ಅತಿರೇಕವಲ್ಲ, ಅದರ ವಿಪರ್ಯಾಸ. ಇಲ್ಲಿ ವರ್ತಕನು ಶ್ರಮಪಟ್ಟಿರುವುದು ತನ್ನ ಲಾಭಕ್ಕಾಗಿ, ಬಂದವನ ಹಿತಕ್ಕಾಗಿ ಅಲ್ಲ. ಒಳಬರುವುದು ಎಷ್ಟು ಸುಲಭವೋ ಹೊರಹೋಗುವುದೂ ಅಷ್ಟೇ ಸುಲಭವಾಗಿರುವ ತಾಣವನ್ನು ನಾವು ನಂಬಬಹುದು. ಪೇಠೆಯ ಒಳ್ಳೆಯ ಅಂಗಡಿಯಲ್ಲಿಯೂ, ಏನನ್ನೂ ಕೊಳ್ಳದೆ ಎದ್ದವನಿಗೆ “ಮತ್ತ ಬರ್ರಿ” ಎಂದೇ ಹೇಳಿ ಕಳುಹಿಸುತ್ತಾರೆ.

ಇಷ್ಟೆಲ್ಲವನ್ನೂ ಪಾಲಿಸಿದ್ದೇವೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಬಗೆ ಹೆಚ್ಚು ವೆಚ್ಚದ್ದಲ್ಲ. ಐದೇ ಮಂದಿಯಿಂದ ಪರೀಕ್ಷೆ ಮಾಡಿಸಿದರೂ ಬಹುಪಾಲು ದೋಷಗಳು ಹೊರಬೀಳುತ್ತವೆಂದು ನೀಲ್ಸನ್ನರು 2000ದಲ್ಲಿ ಬರೆದರು. ಆದುದರಿಂದ, ಹೊಸದಾಗಿ ತಾಣವನ್ನು ತೆರೆದಿರುವ ವರ್ತಕಬಂಧುಗಳೆ, ತಾಣವನ್ನು ಕಟ್ಟಿಕೊಟ್ಟವನನ್ನೂ ನಿಮ್ಮನ್ನು ಹೊಗಳುವ ಗೆಳೆಯನನ್ನೂ ಬಿಟ್ಟು, ಪೇಠೆಗೆ ಬಂದ ಐವರನ್ನು ಕರೆಯಿರಿ. ಒಬ್ಬ ಅಜ್ಜನೂ ಒಬ್ಬ ಗೃಹಿಣಿಯೂ ಅವರಲ್ಲಿರಲಿ. ಒಂದೊಂದು ಕೆಲಸವನ್ನು ಹೇಳಿ ಮೊಬೈಲನ್ನು ಅವರ ಕೈಗಿತ್ತು, ಅವರು ಎಡವಿದಾಗಲೂ ತುಟಿ ಬಿಚ್ಚದೆ ಪಕ್ಕದಲ್ಲಿ ಕುಳಿತಿರಿ. ನಿಮ್ಮ ತಾಣಕ್ಕೆ ಕಾಣದಿದ್ದ ಆ ಮುಖ ಆಗ ನಿಮಗೆ ಕಾಣುತ್ತದೆ. ಅವರ ಬೆರಳು ಎಲ್ಲೆಲ್ಲಿ ತಡೆದು ನಿಂತಿತೋ ಅಲ್ಲಲ್ಲಿ ನಿಮ್ಮ ಕೆಲಸ ಇನ್ನೂ ಉಳಿದಿದೆ.